ಶಾಲೆಗೆ ಹೋಗುವ ಮಕ್ಕಳು ಸುರಕ್ಷಿತವಾಗಿ ರಸ್ತೆ ದಾಟಲು: ಪೋಷಕರಿಗೆ ತಿಳಿವಳಿಕೆ ಮತ್ತು ಅರ್ಜಿ ಸಲ್ಲಿಸುವ ಕ್ರಮ

(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ದಿನಾಂಕ 5-9-2024ರ ಬೆಳಿಗ್ಗೆ, ಶಿಕ್ಷಕರ ದಿನಾಚರಣೆಯಂದು, ಮಾನ್ವಿ ತಾಲ್ಲೂಕಿನ ಕಪಗಲ್ ಸಮೀಪ ಶಾಲಾ ವಾಹನ ಮತ್ತು ಸಾರಿಗೆ ಸಂಸ್ಥೆಯ ಬಸ್ಸು ಡಿಕ್ಕಿಯಾಗಿ ಇಬ್ಬರು ವಿದ್ಯಾರ್ಥಿಗಳು ಮೃತಪಟ್ಟರು. ಹಲವು ಮಕ್ಕಳು ಗಾಯಗೊಂಡರು. ಆ ಮಕ್ಕಳು ವಾಹನದೊಳಗೆ ಕುಳಿತಿದ್ದವರು. ಅಂತಹ ರಸ್ತೆಗಳನ್ನೇ, ಅದೇ ಬೆಳಗಿನ ವೇಳೆಯಲ್ಲಿ, ಕಾಲ್ನಡಿಗೆಯಲ್ಲಿ ದಾಟುವ ಮಕ್ಕಳಿಗೆ ಸುತ್ತಲೂ ತಗಡಿನ ರಕ್ಷಣೆಯೂ ಇರುವುದಿಲ್ಲ ಎಂಬುದನ್ನು ಎಲ್ಲ ಪೋಷಕರೂ ಗಮನಿಸಬೇಕು.

ಮನೆಯಿಂದ ಹೊರಡುವಾಗ "ರಸ್ತೆ ನೋಡಿ ದಾಟು" ಎಂದು ಹೇಳುವುದು ರೂಢಿ. ಈ ಮಾತು ಒಳ್ಳೆಯದಾದರೂ ಸಾಲದು. ಈಜು ಅಥವಾ ಸೈಕಲ್ಲಿನಂತೆ ರಸ್ತೆ ದಾಟುವುದೂ ಅಭ್ಯಾಸದಿಂದ ಬರುವ ವಿದ್ಯೆಯಾಗಿದೆ. ಮಗುವಿಗೆ ಅದು ಬರುವವರೆಗೆ ದಾಟುವ ಸ್ಥಳವನ್ನೂ ಸಮಯವನ್ನೂ ನಿರ್ಧರಿಸುವ ಹೊಣೆ ಹಿರಿಯರದು. ರಸ್ತೆಯಲ್ಲಿಯೇ ದೋಷವಿದ್ದಲ್ಲಿ ಅದನ್ನು ಲಿಖಿತವಾಗಿ ಸಂಬಂಧಪಟ್ಟ ಕಚೇರಿಗೆ ತಿಳಿಸಿ ಸರಿಪಡಿಸಿಕೊಳ್ಳುವ ಹಕ್ಕು ನಾಗರಿಕರದು. ಈ ಎರಡು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

2. ನಮ್ಮ ಭಾಗದ ರಸ್ತೆಗಳ ಸ್ವರೂಪ

(ಅ) ರಾಯಚೂರು ನಗರ: ರೈಲು ನಿಲ್ದಾಣದ ರಸ್ತೆ, ತೀನ್ ಕಂದಿಲ್, ಗಂಜ್ ಮುಂತಾದ ಕಡೆ ವಾಹನಗಳ ವೇಗಕ್ಕಿಂತ ದಟ್ಟಣೆಯೇ ದೊಡ್ಡ ತೊಂದರೆ. ಆಟೋ, ದ್ವಿಚಕ್ರ ವಾಹನ, ತಳ್ಳುಗಾಡಿ ಮತ್ತು ನಿಲ್ಲಿಸಿದ ಲಾರಿಗಳ ನಡುವಿನಿಂದ ಹೊರಬರುವ ಮಗು ಚಾಲಕನಿಗೆ ಕೊನೆಯ ಕ್ಷಣದಲ್ಲಿ ಕಾಣಿಸುತ್ತದೆ. ನಗರದ ಹೊರವಲಯದಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿದ್ದು, ಶಕ್ತಿನಗರದ ಕಡೆಯ ರಸ್ತೆಯಂತಹ ಹೆದ್ದಾರಿಗಳಲ್ಲಿ ಭಾರಿ ವಾಹನಗಳು ವೇಗವಾಗಿ ಸಂಚರಿಸುತ್ತವೆ.

(ಆ) ಮಾನ್ವಿ: ರಾಯಚೂರು–ಸಿಂಧನೂರು ರಸ್ತೆಯು ಪಟ್ಟಣದ ಮೂಲಕವೇ ಹಾದುಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು ಪ್ರದೇಶವಾದ ಕಾರಣ ಭತ್ತದ ಸುಗ್ಗಿಯಲ್ಲಿ ಟ್ರ್ಯಾಕ್ಟರ್‌ ಮತ್ತು ಲಾರಿಗಳ ಓಡಾಟ ಹೆಚ್ಚುತ್ತದೆ.

(ಇ) ದೇವದುರ್ಗ: ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಇಲ್ಲಿಯೂ ನೀರಾವರಿ ಬೆಳೆಯ ಸಾಗಣೆ ಹೆಚ್ಚಿದೆ. ಹಳ್ಳಿಗಳಿಂದ ಪ್ರೌಢಶಾಲೆಗೆ ಬಸ್ಸಿನಲ್ಲಿ ಬರುವ ಮಕ್ಕಳು ಬಸ್ಸಿನಿಂದಿಳಿದ ಮೇಲೆ ರಸ್ತೆ ದಾಟಬೇಕಾಗುತ್ತದೆ.

ಮೂರೂ ಕಡೆಗಳಲ್ಲಿ ಸಾಮಾನ್ಯವಾದ ಇನ್ನೊಂದು ಸಂಗತಿ ಇದೆ. ಹತ್ತಿ ಬಿಡಿಸುವ ಮತ್ತು ಭತ್ತ ಕೊಯ್ಯುವ ದಿನಗಳಲ್ಲಿ ತಂದೆ ತಾಯಿ ಬೆಳಗಾಗುತ್ತಲೇ ಹೊಲಕ್ಕೆ ಹೊರಡುತ್ತಾರೆ. ಆಗ ಚಿಕ್ಕ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಕೆಲಸ ಮೂರನೆಯ ಅಥವಾ ನಾಲ್ಕನೆಯ ತರಗತಿಯ ಅಕ್ಕ ಇಲ್ಲವೆ ಅಣ್ಣನ ಮೇಲೆ ಬೀಳುತ್ತದೆ. ರಸ್ತೆಯಲ್ಲಿ ವಾಹನ ಹೆಚ್ಚಾಗುವ ದಿನಗಳೂ ಮನೆಯಲ್ಲಿ ಹಿರಿಯರಿಲ್ಲದ ದಿನಗಳೂ ಒಂದೇ ಆಗಿರುವುದರಿಂದ ಈ ಅವಧಿಯಲ್ಲಿ ವಿಶೇಷ ಎಚ್ಚರ ಅಗತ್ಯ.

3. ಮಗು ಅಂದಾಜಿನಲ್ಲಿ ತಪ್ಪುವುದೇಕೆ?

ಸುಮಾರು 9–10 ವರ್ಷದೊಳಗಿನ ಮಕ್ಕಳು ಎದುರಿಗೆ ಬರುವ ವಾಹನದ ವೇಗವನ್ನು ಸರಿಯಾಗಿ ಅಂದಾಜು ಮಾಡಲಾರರು. ವಾಹನ ದೂರದಲ್ಲಿದೆ ಎಂಬುದಷ್ಟೇ ಅವರಿಗೆ ಕಾಣಿಸುತ್ತದೆ. ಅದು ಎಷ್ಟು ಬೇಗ ಹತ್ತಿರವಾಗುತ್ತದೆ ಎಂಬುದು ತಿಳಿಯುವುದಿಲ್ಲ. ಎತ್ತರ ಕಡಿಮೆ ಇರುವುದರಿಂದ ನಿಂತಿರುವ ಆಟೋದ ಆಚೆಗೆ ಏನಿದೆ ಎಂಬುದು ಅವರಿಗೆ ಕಾಣದು, ಅವರೂ ಚಾಲಕನಿಗೆ ಕಾಣರು. ರಸ್ತೆಯಾಚೆ ಗೆಳೆಯನೊಬ್ಬ ಕೂಗಿದರೆ ಉಳಿದೆಲ್ಲವನ್ನೂ ಮರೆತು ಓಡುವುದು ಆ ವಯಸ್ಸಿನ ಸಹಜ ಸ್ವಭಾವ. ಇದು ಮಗುವಿನ ಹಟವೂ ಅಲ್ಲ, ಅವಿಧೇಯತೆಯೂ ಅಲ್ಲ. ಆದ್ದರಿಂದ ಈ ವಯಸ್ಸಿನ ಮಕ್ಕಳನ್ನು ದೊಡ್ಡ ರಸ್ತೆ ದಾಟಲು ಒಂಟಿಯಾಗಿ ಬಿಡಬಾರದು, ಅವರ ಕೈಗೆ ಇನ್ನೊಂದು ಚಿಕ್ಕ ಮಗುವನ್ನು ಒಪ್ಪಿಸಲೂ ಬಾರದು.

4. ವೇಗ ಮತ್ತು ದೂರದ ಲೆಕ್ಕ

ಎರಡು ಪಥದ ಸಾಮಾನ್ಯ ರಸ್ತೆಯ ಡಾಂಬರು ಭಾಗದ ಅಗಲ ಸುಮಾರು 7 ಮೀಟರ್. ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುವ ಮಗುವಿಗೆ ಇದನ್ನು ದಾಟಲು 7 ಸೆಕೆಂಡು ಬೇಕು. ಈ 7 ಸೆಕೆಂಡಿನಲ್ಲಿ,

• ಗಂಟೆಗೆ 30 ಕಿ.ಮೀ. ವೇಗದ ವಾಹನ ಸುಮಾರು 58 ಮೀಟರ್ ಮುಂದೆ ಬರುತ್ತದೆ.
• ಗಂಟೆಗೆ 40 ಕಿ.ಮೀ. ವೇಗದ ವಾಹನ ಸುಮಾರು 78 ಮೀಟರ್ ಮುಂದೆ ಬರುತ್ತದೆ.
• ಗಂಟೆಗೆ 60 ಕಿ.ಮೀ. ವೇಗದ ವಾಹನ ಸುಮಾರು 117 ಮೀಟರ್ ಮುಂದೆ ಬರುತ್ತದೆ.

ಚಾಲಕನು ಮಗುವನ್ನು ಕಂಡೊಡನೆ ಬ್ರೇಕ್ ಹಾಕಿದರೂ ವಾಹನ ತಕ್ಷಣ ನಿಲ್ಲದು. ಒಣ ರಸ್ತೆ, ಉತ್ತಮ ಬ್ರೇಕ್ ಮತ್ತು ಒಂದು ಸೆಕೆಂಡಿನಲ್ಲಿ ಎಚ್ಚೆತ್ತುಕೊಳ್ಳುವ ಚಾಲಕ ಇದ್ದಾನೆಂದು ಭಾವಿಸಿದರೂ, 30 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 13 ಮೀಟರ್, 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 37 ಮೀಟರ್ ಬೇಕಾಗುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಹೆಚ್ಚು ಕಡಿಮೆ ಮೂರು ಪಟ್ಟಾಗುತ್ತದೆ. ಭತ್ತ ತುಂಬಿದ ಟ್ರೈಲರ್‌ಗೆ ಅಥವಾ ಮಳೆಯಲ್ಲಿ ನೆನೆದ ರಸ್ತೆಗೆ ಇನ್ನೂ ಹೆಚ್ಚು ಬೇಕು. ಶಾಲೆಗಳ ಆಸುಪಾಸಿನಲ್ಲಿ ವೇಗವು ಗಂಟೆಗೆ 30 ಕಿ.ಮೀ. ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿರುವುದು ಈ ಕಾರಣದಿಂದಲೇ.

ಗುರುತು ಇಟ್ಟುಕೊಳ್ಳುವ ವಿಧಾನ: ಪೋಷಕರು ರಜಾ ದಿನದಂದು ಮಗು ದಾಟುವ ಸ್ಥಳದಿಂದ ರಸ್ತೆಯ ಅಂಚಿನಲ್ಲಿ ಎರಡೂ ದಿಕ್ಕಿಗೆ 160ರಿಂದ 170 ಹೆಜ್ಜೆ ಎಣಿಸಬೇಕು. ಇದು ಹೆಚ್ಚು ಕಡಿಮೆ 120 ಮೀಟರ್ ಆಗುತ್ತದೆ. ಅಲ್ಲಿರುವ ಬೇವಿನ ಮರ, ವಿದ್ಯುತ್ ಕಂಬ ಅಥವಾ ಅಂಗಡಿಯನ್ನು ಮಗುವಿಗೆ ತೋರಿಸಿ, "ವಾಹನ ಆ ಮರಕ್ಕಿಂತ ಈಚೆಗೆ ಬಂದಿದ್ದರೆ ನಾವು ದಾಟುವುದಿಲ್ಲ" ಎಂದು ಕಲಿಸಬೇಕು. ಅತಿ ವೇಗದ ವಾಹನಗಳು ಓಡಾಡುವ ಅಥವಾ ರಸ್ತೆ ಇನ್ನೂ ಅಗಲವಿರುವ ಕಡೆ ಗುರುತು ಮತ್ತಷ್ಟು ದೂರವಿರಬೇಕು. ತಿರುವು, ಏರು ಅಥವಾ ಗಿಡಗಂಟಿಯಿಂದಾಗಿ ಅಷ್ಟು ದೂರ ಕಾಣದಿದ್ದರೆ ಅದು ದಾಟುವ ಸ್ಥಳವೇ ಅಲ್ಲ ಎಂದು ತಿಳಿದು ಬೇರೆ ಸ್ಥಳ ಆರಿಸಬೇಕು.

5. ರಸ್ತೆ ದಾಟುವ ಕ್ರಮ

(1) ಜೀಬ್ರಾ ಪಟ್ಟಿ, ಸಂಚಾರ ದೀಪ ಅಥವಾ ಸಂಚಾರಿ ಪೊಲೀಸರು ಇರುವ ಸ್ಥಳದಲ್ಲಿಯೇ ದಾಟಬೇಕು. ಸ್ವಲ್ಪ ಸುತ್ತಾದರೂ ಅಡ್ಡಿಯಿಲ್ಲ.
(2) ರಸ್ತೆಯ ಅಂಚಿನಿಂದ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು.
(3) ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ ಮೊದಲು ಬಲಕ್ಕೆ, ಅನಂತರ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ನೋಡಬೇಕು. ವಿರುದ್ಧ ದಿಕ್ಕಿನಲ್ಲಿ ಬರುವ ದ್ವಿಚಕ್ರ ವಾಹನಗಳೂ ಇರುವುದರಿಂದ ನಡು ರಸ್ತೆಯಲ್ಲಿಯೂ ಎರಡೂ ಕಡೆ ಗಮನವಿರಬೇಕು.
(4) ಕಿವಿಯನ್ನೂ ಬಳಸಬೇಕು. ಆದರೆ ವಿದ್ಯುತ್ ಚಾಲಿತ ಸ್ಕೂಟರ್ ಮತ್ತು ಆಟೋಗಳು ಸದ್ದಿಲ್ಲದೆ ಬರುತ್ತವೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು.
(5) ನೇರವಾಗಿ, ನಡೆದು ದಾಟಬೇಕು. ಓಡಬಾರದು, ಓರೆಯಾಗಿ ದಾಟಬಾರದು.
(6) ಚಪ್ಪಲಿ, ಪುಸ್ತಕ ಅಥವಾ ಚೆಂಡು ಬಿದ್ದರೂ ಹಿಂದಿರುಗಬಾರದು. ಆಚೆ ಸೇರಿದ ಮೇಲೆ ಹಿರಿಯರಿಗೆ ಹೇಳಬೇಕು.
(7) ಪಾದಚಾರಿ ಮಾರ್ಗವಿಲ್ಲದ ಕಡೆ ರಸ್ತೆಯ ಬಲ ಅಂಚಿನಲ್ಲಿ, ಎದುರು ಬರುವ ವಾಹನಗಳು ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು.
(8) ಹಿರಿಯರು ಮಗುವಿನ ಮುಂಗೈಯನ್ನು ಹಿಡಿಯಬೇಕು. ಬೆರಳು ಹಿಡಿದರೆ ಮಗು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ವಾಹನ ಬರುವ ದಿಕ್ಕಿನ ಕಡೆಗೆ ಹಿರಿಯರು ಇರಬೇಕು.

6. ಬಸ್ಸಿನಿಂದ ಇಳಿದ ಬಳಿಕ

ಶಕ್ತಿ ಯೋಜನೆ ಜಾರಿಗೆ ಬಂದ 11-6-2023ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಇತರ ವಿದ್ಯಾರ್ಥಿಗಳು ರಿಯಾಯಿತಿ ಪಾಸು ಪಡೆದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಪ್ರಯಾಣಿಸುತ್ತಾರೆ. ಇಂತಹ ಮಕ್ಕಳಿಗೆ ಅತ್ಯಂತ ಅಪಾಯದ ಗಳಿಗೆ ಬಸ್ಸಿನಿಂದಿಳಿದ ಮೊದಲ ನಿಮಿಷ. ನಿಂತ ಬಸ್ಸಿನ ಮುಂದಿನಿಂದ ದಾಟುವ ಮಗು, ಆ ಬಸ್ಸನ್ನು ಹಿಂದಿಕ್ಕಿ ಬರುವ ವಾಹನದ ಚಾಲಕನಿಗೆ ಕಾಣುವುದಿಲ್ಲ. ಬಸ್ಸಿನ ಹಿಂದಿನಿಂದ ದಾಟಿದರೆ ಎದುರು ದಿಕ್ಕಿನ ವಾಹನ ಮಗುವಿಗೆ ಕಾಣುವುದಿಲ್ಲ. ಆದ್ದರಿಂದ ಬಸ್ಸು ಹೊರಟು ಹೋಗುವವರೆಗೆ ರಸ್ತೆಯಿಂದ ದೂರ ಸರಿದು ನಿಂತು, ಎರಡೂ ಕಡೆ ರಸ್ತೆ ಪೂರ್ಣವಾಗಿ ಕಂಡ ಮೇಲೆಯೇ ದಾಟಬೇಕು. ಸಂಜೆ ಬಸ್ಸು ತಪ್ಪುತ್ತದೆ ಎಂಬ ಆತುರದಲ್ಲಿ ರಸ್ತೆಗೆ ನುಗ್ಗುವುದು ಸಾಮಾನ್ಯ. ಒಂದು ಬಸ್ಸು ತಪ್ಪಿದರೆ ಬೈಯುವುದಿಲ್ಲ ಎಂದು ಪೋಷಕರು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಟ್ರ್ಯಾಕ್ಟರ್ ಮತ್ತು ಟ್ರೈಲರ್: ಟ್ರ್ಯಾಕ್ಟರ್ ಮುಂದೆ ಹೋದೊಡನೆ ರಸ್ತೆ ಖಾಲಿಯಾಯಿತೆಂದು ಮಗು ಹೆಜ್ಜೆ ಇಡಬಾರದು, ಹಿಂದೆ ಟ್ರೈಲರ್ ಇರುತ್ತದೆ. ನಿಂತ ಟ್ರ್ಯಾಕ್ಟರ್ ಮತ್ತು ಟ್ರೈಲರ್ ನಡುವೆ ನುಸುಳುವುದು, ಚಲಿಸುವ ಟ್ರೈಲರ್‌ಗೆ ಜೋತು ಬೀಳುವುದು ಪ್ರಾಣಾಪಾಯಕರ. ಹತ್ತಿ ತುಂಬಿದ ವಾಹನಗಳಲ್ಲಿ ಹೊರೆಯು ಎರಡೂ ಬದಿಗೆ ಚಾಚಿಕೊಂಡಿರುವುದರಿಂದ ಹಿಂದಿನ ವಾಹನ ಕಾಣಿಸದು.

7. ಪೋಷಕರ ಹೊಣೆ

(1) ಒಂದು ವಾರ ಮಗುವಿನೊಂದಿಗೆ ಶಾಲೆಯವರೆಗೆ ನಡೆಯಿರಿ. ಮೊದಲ ದಿನಗಳಲ್ಲಿ ನೀವು ನಿರ್ಧರಿಸಿ, "ಈಗ ಏಕೆ ನಿಂತೆವು?" ಎಂದು ಕೇಳಿ. ಅನಂತರದ ದಿನಗಳಲ್ಲಿ ಮಗು "ಈಗ ದಾಟಬಹುದು" ಎಂದು ಹೇಳಲಿ, ನೀವು ಪರೀಕ್ಷಿಸಿ. ಮಗು ಎಲ್ಲಿ ತಪ್ಪುತ್ತದೆ ಎಂಬುದು ಆಗಲೇ ತಿಳಿಯುತ್ತದೆ.
(2) ಸುಗ್ಗಿಯ ದಿನಗಳಲ್ಲಿ ಒಂದೇ ಓಣಿಯ ಐದಾರು ಮನೆಯವರು ಸರದಿ ಮಾಡಿಕೊಂಡು, ದಿನಕ್ಕೊಬ್ಬ ಹಿರಿಯರು ಎಲ್ಲ ಮಕ್ಕಳನ್ನೂ ರಸ್ತೆ ದಾಟಿಸಬಹುದು.
(3) ಶನಿವಾರ ಬೆಳಗಿನ ಶಾಲೆ ಇರುವುದರಿಂದ ಮಕ್ಕಳು ಬೇರೆ ವೇಳೆಯಲ್ಲಿ ಹಿಂದಿರುಗುತ್ತಾರೆ. ಸರದಿಯವರು ಇದನ್ನು ಮರೆಯಬಾರದು.
(4) ದ್ವಿಚಕ್ರ ವಾಹನದಲ್ಲಿ ಬಿಡುವವರು ಮಗುವನ್ನು ಶಾಲೆಯ ಗೇಟಿನ ಬದಿಯಲ್ಲಿಯೇ ಇಳಿಸಬೇಕು. ಎದುರು ಬದಿಯಲ್ಲಿ ಇಳಿಸಿ "ದಾಟಿಕೊ" ಎನ್ನಬಾರದು. ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಳ್ಳುವಾಗ ಸುರಕ್ಷತಾ ಪಟ್ಟಿ ಇರಬೇಕೆಂದೂ ವೇಗ 40 ಕಿ.ಮೀ. ಮೀರಬಾರದೆಂದೂ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರಲ್ಲಿ ಮಾಡಿದ ತಿದ್ದುಪಡಿ ಹೇಳುತ್ತದೆ.
(5) ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ವಾಹನ ಕೊಡಬಾರದು. ಮೋಟಾರು ವಾಹನ ಕಾಯ್ದೆ, 1988ಕ್ಕೆ 2019ರಲ್ಲಿ ಸೇರಿಸಿದ ಕಲಂ 199ಎ ಪ್ರಕಾರ, ಅಪ್ರಾಪ್ತರು ವಾಹನ ಚಲಾಯಿಸಿ ಎಸಗುವ ಅಪರಾಧಕ್ಕೆ ಪೋಷಕರು ಅಥವಾ ವಾಹನದ ಮಾಲೀಕರು 3 ವರ್ಷದವರೆಗೆ ಕಾರಾಗೃಹ ವಾಸ ಮತ್ತು ರೂ. 25,000 ದಂಡಕ್ಕೆ ಗುರಿಯಾಗುತ್ತಾರೆ.

8. ವಾಹನ ಚಾಲಕರ ಗಮನಕ್ಕೆ

ಮೋಟಾರು ವಾಹನ (ಚಾಲನೆ) ವಿನಿಯಮಗಳು, 2017ರ ಪ್ರಕಾರ ಜೀಬ್ರಾ ಪಟ್ಟಿಯನ್ನು ಸಮೀಪಿಸುವಾಗ ಚಾಲಕರು ವೇಗ ತಗ್ಗಿಸಿ, ಪಾದಚಾರಿಗಳು ದಾಟುತ್ತಿದ್ದರೆ ನಿಂತು ದಾರಿ ಬಿಡಬೇಕು. ಹಾರನ್ ಮಾಡಿ ಮುನ್ನುಗ್ಗುವುದು ದಾರಿ ಬಿಟ್ಟಂತಾಗದು. ಹಾರನ್ ಕೇಳಿ ಗಾಬರಿಯಾದ ಮಗು ಹಿಂದಕ್ಕೂ ಓಡಬಹುದು, ಮುಂದಕ್ಕೂ ಓಡಬಹುದು. ಪಾದಚಾರಿ ಮಾರ್ಗದ ಮೇಲೆ ವಾಹನ ನಿಲ್ಲಿಸುವುದರಿಂದ ಮಕ್ಕಳು ರಸ್ತೆಗಿಳಿಯಬೇಕಾಗುತ್ತದೆ. ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಿನಲ್ಲಿ ತಿಳಿಸಿದೆ.

9. ರಸ್ತೆಯ ದೋಷ ಸರಿಪಡಿಸಲು ಅರ್ಜಿ ಸಲ್ಲಿಸುವ ಕ್ರಮ

ಶಾಲೆಯ ಮುಂದೆ ಜೀಬ್ರಾ ಪಟ್ಟಿ, ರಸ್ತೆ ಉಬ್ಬು, "ಮುಂದೆ ಶಾಲೆ ಇದೆ" ಎಂಬ ಫಲಕ ಅಥವಾ ಬೀದಿದೀಪ ಬೇಕಾದಲ್ಲಿ ಮೊದಲು ಆ ರಸ್ತೆ ಯಾರ ಅಧೀನದಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು.

• ನಗರ ಮತ್ತು ಪಟ್ಟಣದ ಒಳ ರಸ್ತೆಗಳು: ಆಯಾ ನಗರ ಅಥವಾ ಪಟ್ಟಣದ ಸ್ಥಳೀಯ ಸಂಸ್ಥೆ.
• ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು: ಲೋಕೋಪಯೋಗಿ ಇಲಾಖೆ.
• ಗ್ರಾಮೀಣ ರಸ್ತೆಗಳು: ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ.
• ರಾಷ್ಟ್ರೀಯ ಹೆದ್ದಾರಿಗಳು: ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ ಅಥವಾ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ.

ಅರ್ಜಿಯಲ್ಲಿ ಇರಬೇಕಾದ ವಿವರಗಳು: ಶಾಲೆಯ ಹೆಸರು ಮತ್ತು ಗ್ರಾಮ; ರಸ್ತೆಯ ಹೆಸರು ಮತ್ತು ಹತ್ತಿರದ ಕಿಲೋಮೀಟರ್ ಕಲ್ಲು; ಬೆಳಿಗ್ಗೆ ಮತ್ತು ಸಂಜೆ ದಾಟುವ ಮಕ್ಕಳ ಸಂಖ್ಯೆ (ಮೂರು ದಿನ ಎಣಿಸಿದ ಲೆಕ್ಕ); ತಿರುವು, ಗಿಡಗಂಟಿ, ಅತಿಕ್ರಮಣ ಮುಂತಾದ ಅಡಚಣೆ; ಹಿಂದೆ ಅಪಘಾತವಾಗಿದ್ದರೆ ಅದರ ದಿನಾಂಕ; ಸ್ಥಳದ ಛಾಯಾಚಿತ್ರ; ಕೋರಿಕೆ ಏನು ಎಂಬುದು. "ಇಲ್ಲಿ ಬಹಳ ಅಪಾಯವಿದೆ" ಎಂದು ಬರೆಯುವುದಕ್ಕಿಂತ ಇಷ್ಟು ಮಕ್ಕಳು ಇಷ್ಟು ಗಂಟೆಗೆ ದಾಟುತ್ತಾರೆ ಎಂದು ಬರೆದ ಅರ್ಜಿಯನ್ನು ಸ್ಥಳ ಪರಿಶೀಲನೆಗೆ ಕೈಗೆತ್ತಿಕೊಳ್ಳುವುದು ಸುಲಭ.

ಅರ್ಜಿಗೆ ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಸಹಿ ಮಾಡಿದರೆ ಉತ್ತಮ. ಪ್ರತಿಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಸ್ಥಳೀಯ ಪೊಲೀಸ್ ಠಾಣೆಗೆ ಮತ್ತು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೆ ಕಳುಹಿಸಬೇಕು. ಸ್ವೀಕೃತಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ಉತ್ತರ ಬಾರದಿದ್ದಲ್ಲಿ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅರ್ಜಿಯ ಮೇಲೆ ಕೈಗೊಂಡ ಕ್ರಮದ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಕೋರಬಹುದು. 30 ದಿನಗಳೊಳಗೆ ಉತ್ತರ ನೀಡುವುದು ಕಡ್ಡಾಯ. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಈ ವಿಷಯವನ್ನು ಮಂಡಿಸಬಹುದು. ತಾವು ಎಲ್ಲಿ ಹೆದರುತ್ತೇವೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಹೇಳಬಲ್ಲವರಿಲ್ಲ.

ಸೂಚನೆ: ಅಪಘಾತವಾದ ಮೇಲೆ ಗ್ರಾಮಸ್ಥರೇ ಮಣ್ಣು, ಕಲ್ಲು ಅಥವಾ ಕಾಂಕ್ರೀಟ್ ಸುರಿದು ರಸ್ತೆ ಉಬ್ಬು ನಿರ್ಮಿಸಬಾರದು. ಬಣ್ಣ ಹಾಗೂ ಮುನ್ಸೂಚನಾ ಫಲಕವಿಲ್ಲದ ಉಬ್ಬು ರಾತ್ರಿ ವೇಳೆ ದ್ವಿಚಕ್ರ ವಾಹನ ಸವಾರರ ಪ್ರಾಣಕ್ಕೆ ಎರವಾಗುತ್ತದೆ.

10. ಅಪಘಾತ ಸಂಭವಿಸಿದಲ್ಲಿ

ಕೂಡಲೇ 108 (ಆಂಬುಲೆನ್ಸ್) ಅಥವಾ 112 (ತುರ್ತು ಸೇವೆ) ಸಂಖ್ಯೆಗೆ ಕರೆ ಮಾಡಬೇಕು. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾಗಿರುವ ಶಂಕೆ ಇದ್ದರೆ, ಬೇರೆ ಅಪಾಯ ಇಲ್ಲದ ಹೊರತು ಮಗುವನ್ನು ಎತ್ತಿ ಅಲುಗಾಡಿಸಬಾರದು. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ ಕಲಂ 134ಎ ರಕ್ಷಣೆ ನೀಡುತ್ತದೆ. ಹೆಸರು, ವಿಳಾಸ ತಿಳಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿನಲ್ಲಿ ಅಧಿಸೂಚಿಸಲಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ, ರೂ. 1.5 ಲಕ್ಷದವರೆಗಿನ ಚಿಕಿತ್ಸೆಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅವಕಾಶವಿದೆ. ಡಿಕ್ಕಿ ಹೊಡೆದ ವಾಹನದ ಗುರುತು ಸಿಗದಿದ್ದಲ್ಲಿಯೂ ಪರಿಹಾರ ಯೋಜನೆ ಇದ್ದು, ಈ ಬಗ್ಗೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮಗ ಎರಡು ವರ್ಷದಿಂದ ಒಬ್ಬನೇ ದಾಟುತ್ತಿದ್ದಾನೆ, ಏನೂ ಆಗಿಲ್ಲ. ಈಗ ಕಲಿಸಬೇಕೇ?
ಉತ್ತರ: ಹೌದು. ಈವರೆಗೆ ಚಾಲಕರು ಬ್ರೇಕ್ ಹಾಕಿರುವುದರಿಂದಲೂ ಏನೂ ಆಗದೆ ಇರಬಹುದು. ಒಂದು ದಿನ ಹಿಂದಿನಿಂದ ಹೋಗಿ ಅವನು ದಾಟುವುದನ್ನು ಗಮನಿಸಿದರೆ ನಿಜ ಸ್ಥಿತಿ ತಿಳಿಯುತ್ತದೆ.

ಪ್ರಶ್ನೆ: ಯಾವ ವಯಸ್ಸಿನಿಂದ ಒಂಟಿಯಾಗಿ ಕಳುಹಿಸಬಹುದು?
ಉತ್ತರ: ವಯಸ್ಸೊಂದೇ ಅಳತೆಯಲ್ಲ. ಹತ್ತು ವರ್ಷ ತುಂಬಿದ ಮೇಲೂ, ಮೇಲೆ ಹೇಳಿದ ಅಭ್ಯಾಸದಲ್ಲಿ ಒಂದು ವಾರ ತಪ್ಪಿಲ್ಲದೆ ನಿರ್ಧರಿಸಿದ ಮಗುವನ್ನು, ಅದು ಅಭ್ಯಾಸ ಮಾಡಿದ ಸ್ಥಳದಲ್ಲಿ ಮಾತ್ರ ಕಳುಹಿಸಬಹುದು.

ಪ್ರಶ್ನೆ: ಅರ್ಜಿ ಕೊಡಲು ಮಗುವಿನ ಪೋಷಕರೇ ಆಗಿರಬೇಕೇ?
ಉತ್ತರ: ಇಲ್ಲ. ಆ ರಸ್ತೆಯನ್ನು ಬಳಸುವ ಯಾವುದೇ ನಾಗರಿಕರು ಅರ್ಜಿ ಸಲ್ಲಿಸಬಹುದು.

12. ಮುಕ್ತಾಯ

ಜೀಬ್ರಾ ಪಟ್ಟಿ ಬರೆಯಲು, ಫಲಕ ನೆಡಲು ಸಮಯ ಹಿಡಿಯಬಹುದು. ಆದರೆ ಮಗು ನಾಳೆ ಬೆಳಿಗ್ಗೆಯೇ ರಸ್ತೆ ದಾಟಬೇಕಾಗಿದೆ. ಆದ್ದರಿಂದ ಪೋಷಕರು ಅರ್ಜಿಯನ್ನು ಇಂದೇ ಬರೆಯಬೇಕು ಮತ್ತು ನಾಳೆ ಮಗುವಿನ ಕೈ ಹಿಡಿದು ನಡೆಯಬೇಕು. ಒಂದನ್ನು ಮಾಡಿದ ಕಾರಣಕ್ಕೆ ಇನ್ನೊಂದನ್ನು ಬಿಡಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.